ಎರಡು ತಾಲ್ಲೂಕಿನ ದಾಖಲೆಗೆ ಎಷ್ಟು ಸರ್ವರ್ ಬೇಕು?

ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಏಳನೇ ಸಂಪುಟ 1902ರಲ್ಲಿ ಬಂತು. ಶಿಕಾರಿಪುರ ತಾಲ್ಲೂಕಿನ ಶಾಸನಗಳು ಅದರಲ್ಲಿವೆ. ಸೊರಬದವು 1904ರ ಎಂಟನೇ ಸಂಪುಟದಲ್ಲಿ. ತಾಳಗುಂದದ ಕದಂಬರ ಸ್ತಂಭ, ಶಿಕಾರಿಪುರ ತಾಲ್ಲೂಕಿನದೇ ಆದ ಮಳವಳ್ಳಿಯ ಪ್ರಾಕೃತ ಶಾಸನ, ಬಳ್ಳಿಗಾವಿಯ ಕೋಡಿಮಠದ 1162ರ ಬರಹ, ಬಂದಳಿಕೆ, ಕುಬಟೂರು, ಉದ್ರಿಯ ಕಲ್ಲುಗಳು, ಹೀಗೆ ನೂರಾರು ಶಾಸನಗಳ ಪಾಠ ಈ ಎರಡು ಪುಸ್ತಕಗಳಲ್ಲಿ ಸಿಗುತ್ತದೆ. ಇವತ್ತು ಇದೇ ಕೆಲಸವನ್ನು ಮತ್ತೆ ಮಾಡುವುದಾದರೆ ಪಾಠದ ಜೊತೆಗೆ ಕಲ್ಲಿನ ಮೂರು ಆಯಾಮದ ರೂಪವನ್ನೂ ಹಿಡಿದಿಡಬಹುದು. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಬೆಂಗಳೂರು ಸುತ್ತಿನ ಶಾಸನಗಳಿಗೆ ಈ ಕೆಲಸ ಮಾಡಿ ತೋರಿಸಿದೆ. ಇನ್ನೊಂದು ಕಡೆ, 2024ರಲ್ಲಿ ಶುರುವಾದ ‘ಭೂ ಸುರಕ್ಷಾ’ ಯೋಜನೆಯಲ್ಲಿ ತಾಲ್ಲೂಕು ಕಚೇರಿಗಳ ರೆಕಾರ್ಡ್ ರೂಮಿನ ಹಳೆಯ ಕಡತಗಳು ಸ್ಕ್ಯಾನ್ ಆಗುತ್ತಿವೆ.

ಇಂಥ ಕೆಲಸ ಕೈಗೆತ್ತಿಕೊಂಡ ಯಾವುದೇ ಕಾಲೇಜು, ಟ್ರಸ್ಟು, ಕಚೇರಿಯಲ್ಲಿ ಮೊದಲು ಬರುವ ಪ್ರಶ್ನೆ, ‘ಎಷ್ಟು ಟಿಬಿಯ ಸರ್ವರ್ ತರಿಸೋಣ?’ ಈ ಪ್ರಶ್ನೆಗೆ ಉತ್ತರ ಕೊನೆಯಲ್ಲಿ ಬರಬೇಕು. ಯಾವ ದತ್ತಾಂಶ, ಯಾವ ರೂಪದಲ್ಲಿ, ಯಾರು ಓದುತ್ತಾರೆ, ಯಂತ್ರ ಕೆಟ್ಟ ದಿನ ಏನಾಗಬೇಕು, ಇಷ್ಟು ಬರೆದುಕೊಂಡರೆ ಯಂತ್ರದ ಗಾತ್ರ ತಾನಾಗಿ ಹೊರಬರುತ್ತದೆ. ಇದನ್ನೇ ಶಿಕಾರಿಪುರ, ಸೊರಬ ತಾಲ್ಲೂಕುಗಳನ್ನು ಮುಂದಿಟ್ಟುಕೊಂಡು ಹಂತಹಂತವಾಗಿ ಲೆಕ್ಕ ಹಾಕೋಣ. ಕಲ್ಲು, ಪುಟಗಳ ಸಂಖ್ಯೆ ನಾನು ಲೆಕ್ಕಕ್ಕಾಗಿ ಹಿಡಿದದ್ದು. ನಿಮ್ಮ ಎಣಿಕೆ ಹಾಕಿಕೊಂಡರೆ ವಿಧಾನ ಬದಲಾಗುವುದಿಲ್ಲ. ಕಂದಾಯ ದಾಖಲೆ ಇರಬೇಕಾದದ್ದು ಸರ್ಕಾರದ ಯಂತ್ರಗಳಲ್ಲೇ. ಗಾತ್ರದ ಅಂದಾಜು ಸಿಗಲೆಂದು ಮಾತ್ರ ಇಲ್ಲಿ ಶಾಸನದ ಜೊತೆ ಸೇರಿಸಿದ್ದೇನೆ.

ಮೊದಲು ದತ್ತಾಂಶದ ಪಟ್ಟಿ

ಒಂದು ವೀರಗಲ್ಲನ್ನು ತೆಗೆದುಕೊಳ್ಳಿ. ಪಾಚಿ ಕಟ್ಟಿದೆ, ಅಕ್ಷರ ಸವೆದಿದೆ, ಬುಡದ ಒಂದು ಸಾಲು ಮಣ್ಣಿನಲ್ಲಿ ಹೂತಿದೆ. ನೆತ್ತಿಯ ಮೇಲಿನ ಬಿಸಿಲಿನಲ್ಲಿ ಏನೂ ಕಾಣದು. ಬೆಳಕು ಓರೆಯಾಗಿ ಬಿದ್ದಾಗ ಗೀರುಗಳಿಗೆ ನೆರಳು ಹುಟ್ಟಿ ಅಕ್ಷರ ಏಳುತ್ತದೆ. ಸುತ್ತಲಿನಿಂದ, ಮೇಲಿನಿಂದ, ಹತ್ತಿರದಿಂದ ತೆಗೆದರೆ ಒಂದು ಕಲ್ಲಿಗೆ 200 ಚಿತ್ರ ಸುಲಭವಾಗಿ ಆಗುತ್ತವೆ. ಕ್ಯಾಮೆರಾದ ಮೂಲ ರೂಪದಲ್ಲಿ ಒಂದೊಂದು ಚಿತ್ರ ಸುಮಾರು 30 ಎಂಬಿ. ಅಲ್ಲಿಗೆ 6 ಜಿಬಿ. ಅವುಗಳನ್ನು ಹೆಣೆದು ಮೂರು ಆಯಾಮದ ಮಾದರಿ ಕಟ್ಟುವಾಗ ಹುಟ್ಟುವ ಕಡತಗಳಿಗೆ ಇನ್ನು 9 ಜಿಬಿ ಇಡೋಣ. ಕಲ್ಲಿಗೆ 15 ಜಿಬಿಯಂತೆ ಎರಡು ತಾಲ್ಲೂಕಿನ 1,500 ಶಾಸನ, ವೀರಗಲ್ಲು, ಮಾಸ್ತಿಕಲ್ಲುಗಳಿಗೆ 22.5 ಟಿಬಿ.

ಇಲ್ಲೇ ಒಂದು ಮಾತು. ನಿಮ್ಮ ಯೋಜನೆ ಶಾಸನಗಳಿಗೆ ಮಾತ್ರ ಸೀಮಿತವಾದರೆ ಕ್ಲಸ್ಟರ್, ಅಂದರೆ ಹಲವು ಸರ್ವರ್ ಜೋಡಿಸಿ ಒಂದರಂತೆ ನಡೆಸುವ ವ್ಯವಸ್ಥೆ, ಬೇಡವೇ ಬೇಡ. 10 ಟಿಬಿಯ ಆರು ಡಿಸ್ಕ್ ಹಾಕಿದ ಒಂದು ಒಳ್ಳೆಯ ಸರ್ವರ್, ಅದರಲ್ಲಿ ಎರಡು ಡಿಸ್ಕ್ ಕೆಟ್ಟರೂ ತಡೆದುಕೊಳ್ಳುವ ಝಡ್‌ಎಫ್‌ಎಸ್ ವ್ಯವಸ್ಥೆ, ಅಷ್ಟೇ ದೊಡ್ಡ ಇನ್ನೊಂದು ಯಂತ್ರ ಬೇರೆ ಊರಿನಲ್ಲಿ, ಇಷ್ಟು ಸಾಕು. ಕ್ಲಸ್ಟರ್ ಕಟ್ಟುವುದು ದೊಡ್ಡ ಕೆಲಸ, ಅದನ್ನು ನಡೆಸುವುದು ಅದಕ್ಕಿಂತ ದೊಡ್ಡದು. ದತ್ತಾಂಶ ಒಂದು ಯಂತ್ರದಲ್ಲಿ ಹಿಡಿಸದಿದ್ದರೆ, ಸಂಸ್ಕರಣೆ ಒಂದು ಯಂತ್ರದಲ್ಲಿ ಮುಗಿಯದಿದ್ದರೆ, ಅಥವಾ ಒಂದು ಯಂತ್ರ ನಿಂತರೂ ಸೇವೆ ನಿಲ್ಲಬಾರದೆಂದಿದ್ದರೆ ಮಾತ್ರ ಆ ದಾರಿ ಹಿಡಿಯಿರಿ.

ಇನ್ನು ಕಾಗದ. ಎ4 ಪುಟವೊಂದನ್ನು 300 ಡಿಪಿಐನಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ ಕುಗ್ಗಿಸದ ರೂಪದಲ್ಲಿ ಸುಮಾರು 26 ಎಂಬಿ. ವಿವರ ಕಳೆಯದಂತೆ ಕುಗ್ಗಿಸಿದರೆ 10 ಎಂಬಿ ಎಂದು ಹಿಡಿಯಿರಿ, ಜೆಪೆಗ್ ಮಾಡಿದರೆ 1 ಎಂಬಿ, ಬರೀ ಕಪ್ಪು-ಬಿಳುಪು ಮಾಡಿದರೆ 100 ಕೆಬಿ. ಎರಡು ತಾಲ್ಲೂಕಿಗೆ ಸೇರಿ 1 ಕೋಟಿ ಪುಟ ಎಂದುಕೊಂಡರೆ ಇದು ಕ್ರಮವಾಗಿ 100 ಟಿಬಿ, 10 ಟಿಬಿ, 1 ಟಿಬಿ. ಅದೇ ಕಾಗದ, ಅದೇ ಸ್ಕ್ಯಾನರು. ಸ್ಕ್ಯಾನ್ ಮಾಡುವ ಹುಡುಗ ಮೆನುವಿನಲ್ಲಿ ಒತ್ತಿದ ಒಂದು ಆಯ್ಕೆಯಿಂದ ಯಂತ್ರಾಂಶದ ಗಾತ್ರ ನೂರು ಪಟ್ಟು ಬದಲಾಗುತ್ತದೆ. ಆದ್ದರಿಂದ ಈ ತೀರ್ಮಾನ ಸ್ಕ್ಯಾನಿಂಗ್ ಶುರುವಾಗುವ ಮೊದಲೇ ಲಿಖಿತವಾಗಿ ಆಗಬೇಕು. ನನ್ನ ಅಭಿಪ್ರಾಯ ಕೇಳಿದರೆ, ಮಸಿ ಮಾಸಿದ ಕೈಬರಹದ ಕಡತಗಳನ್ನು ಕಪ್ಪು-ಬಿಳುಪಿಗೆ ಇಳಿಸಬಾರದು. ಕೆಂಪು ಮಸಿಯ ತಿದ್ದುಪಡಿ, ಮೊಹರಿನ ನೀಲಿ, ನೀರು ಬಿದ್ದ ಕಲೆ, ಇವೆಲ್ಲ ದಾಖಲೆಯ ಭಾಗವೇ. ಮೂಲ ಪ್ರತಿಗೆ 100 ಟಿಬಿ, ಜನ ನೋಡುವ ಹಗುರ ಪ್ರತಿಗೆ 10 ಟಿಬಿ ಇಟ್ಟುಕೊಳ್ಳೋಣ. ಯಂತ್ರ ಓದಿ ತೆಗೆದ ಪಠ್ಯಕ್ಕೆ ಜಾಗ ಲೆಕ್ಕಕ್ಕೇ ಬರುವುದಿಲ್ಲ: ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ 3 ಬೈಟ್, ಪುಟಕ್ಕೆ 1,500 ಸಂಕೇತವೆಂದರೂ 1 ಕೋಟಿ ಪುಟಕ್ಕೆ ಬರೀ 45 ಜಿಬಿ.

ಎರಡೂ ತಾಲ್ಲೂಕು ಸೇರಿ ಸುಮಾರು 2,000 ಚದರ ಕಿ.ಮೀ. ಡ್ರೋನ್‌ನಿಂದ 5 ಸೆಂ.ಮೀ. ಸ್ಪಷ್ಟತೆಯಲ್ಲಿ ನೆಲದ ಚಿತ್ರ ತೆಗೆದರೆ ಒಂದು ಚದರ ಕಿ.ಮೀ.ಗೆ 1.2 ಜಿಬಿ, ಒಟ್ಟು 2.4 ಟಿಬಿ, ಒಂದರ ಮೇಲೊಂದು ಹಾಯುವ ಮೂಲ ಚಿತ್ರಗಳೂ ಸೇರಿ 10 ಟಿಬಿ ಎನ್ನಿ. ಉಪಗ್ರಹ ಚಿತ್ರಗಳ ಭಾರ ಇದರ ಮುಂದೆ ಏನೂ ಅಲ್ಲ.

ಒಟ್ಟು 142.5 ಟಿಬಿ. ವರ್ಷಕ್ಕೆ 20 ಟಿಬಿಯಂತೆ ಐದು ವರ್ಷದ ಬೆಳವಣಿಗೆಗೆ 100 ಸೇರಿಸಿ. ಸಂಸ್ಕರಣೆಯ ನಡುವಿನ ತಾತ್ಕಾಲಿಕ ಕಡತಗಳಿಗೆ ಇನ್ನೊಂದಿಷ್ಟು. 300 ಟಿಬಿ ಎಂದು ದುಂಡು ಮಾಡೋಣ.

300 ಟಿಬಿಗೆ 300 ಟಿಬಿ ಸಾಲದು

2003ರಲ್ಲಿ ಗೂಗಲ್ ತನ್ನ ಕಡತ ವ್ಯವಸ್ಥೆಯ ಬಗ್ಗೆ ಪ್ರಕಟಿಸಿದ ಪ್ರಬಂಧ, ಅದರ ಜಾಡಿನಲ್ಲಿ 2006ರಲ್ಲಿ ಬಂದ ಹಡೂಪ್ ತಂತ್ರಾಂಶ, ಇವೆರಡೂ ಒಂದು ವಿಚಾರವನ್ನು ಗಟ್ಟಿಯಾಗಿ ಊರಿದವು: ಸಾಮಾನ್ಯ ಯಂತ್ರಗಳನ್ನೇ ಬಳಸಿ, ಅವು ಕೆಟ್ಟೇ ಕೆಡುತ್ತವೆ ಎಂದು ಮೊದಲೇ ಒಪ್ಪಿಕೊಂಡು, ಪ್ರತಿ ತುಂಡನ್ನೂ ಮೂರು ಕಡೆ ಇಡಿ. ಮೂರು ಪ್ರತಿ ಎಂದರೆ 900 ಟಿಬಿ. ಡಿಸ್ಕ್‌ಗಳನ್ನು ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬಾರದು ಎಂಬುದನ್ನೂ ಸೇರಿಸಿದರೆ 1,200 ಟಿಬಿ. 20 ಟಿಬಿಯ 60 ಡಿಸ್ಕ್.

ಇದಕ್ಕೆ ಕಡಿಮೆ ಖರ್ಚಿನ ಇನ್ನೊಂದು ದಾರಿಯಿದೆ. ಕಡತವನ್ನು ನಾಲ್ಕು ತುಂಡು ಮಾಡಿ, ಆ ನಾಲ್ಕರಿಂದ ಲೆಕ್ಕ ಹಾಕಿ ತೆಗೆದ ಎರಡು ಹೆಚ್ಚುವರಿ ತುಂಡು ಸೇರಿಸಿ, ಆರನ್ನೂ ಆರು ಬೇರೆ ಯಂತ್ರಗಳಲ್ಲಿ ಇಡುವುದು. ಯಾವ ಎರಡು ಹೋದರೂ ಉಳಿದ ನಾಲ್ಕರಿಂದ ಮೂಲ ಸಿಗುತ್ತದೆ. 300 ಟಿಬಿಗೆ 450 ಟಿಬಿ ಸಾಕು. ಹಡೂಪ್‌ಗೆ 2017ರ ಕೊನೆಯಲ್ಲಿ ಬಂದ 3.0 ಆವೃತ್ತಿಯಿಂದ ಈ ಸೌಲಭ್ಯವಿದೆ, ಸೆಫ್ ಎಂಬ ಸಂಗ್ರಹ ತಂತ್ರಾಂಶದಲ್ಲೂ ಇದೆ. ಓದು ಕಡಿಮೆ, ಇಡುವುದು ಹೆಚ್ಚು ಎನ್ನುವ ನಮ್ಮಂಥ ಸಂಗ್ರಹಕ್ಕೆ ಇದೇ ಸರಿ.

450 ಟಿಬಿಯನ್ನು 75%ರಿಂದ ಭಾಗಿಸಿದರೆ 600 ಟಿಬಿ, ಅಂದರೆ 30 ಡಿಸ್ಕ್. 12 ಡಿಸ್ಕ್ ಹಿಡಿಯುವ ಮೂರು ಸರ್ವರ್ ತಂದರೆ ಮುಗಿಯಿತಲ್ಲ ಎಂದು ಅನ್ನಿಸುವುದು ಇಲ್ಲೇ. ಮುಗಿಯುವುದಿಲ್ಲ. ಆರು ತುಂಡುಗಳಿಗೆ ಆರು ಯಂತ್ರ ಬೇಕು. ಮೂರೇ ಯಂತ್ರವಿದ್ದರೆ ಒಂದೊಂದರಲ್ಲಿ ಎರಡು ತುಂಡು ಕೂತು, ಒಂದು ಯಂತ್ರ ಕೆಟ್ಟಾಗಲೇ ತಡೆಯುವ ಶಕ್ತಿಯೆಲ್ಲ ಕರಗುತ್ತದೆ. ಆರೇ ಇದ್ದರೂ ಒಂದು ಕೆಟ್ಟಾಗ ಕಳೆದ ತುಂಡನ್ನು ಮತ್ತೆ ಕಟ್ಟಿಡಲು ಜಾಗವಿಲ್ಲ. ಆದ್ದರಿಂದ ಏಳು. ಏಳು ಸರ್ವರ್, ಪ್ರತಿಯೊಂದರಲ್ಲೂ 20 ಟಿಬಿಯ ಐದು ಡಿಸ್ಕ್, ಒಟ್ಟು 700 ಟಿಬಿ. ಎಲ್ಲ ತುಂಬಿದ ಮೇಲೂ 64% ಮಾತ್ರ ಬಳಕೆ. ಒಂದು ಸರ್ವರ್ ಪೂರ್ತಿ ಸತ್ತರೆ ಉಳಿದ ಆರರ 600 ಟಿಬಿಯಲ್ಲಿ ಅದೇ 450 ಟಿಬಿ ಕೂತು, ಸರಿಯಾಗಿ 75%ಗೆ ಬಂದು ನಿಲ್ಲುತ್ತದೆ. ಪ್ರತಿ ಪೆಟ್ಟಿಗೆಯಲ್ಲಿ ಏಳು ಖಾಲಿ ಗೂಡು ಮುಂದಿನ ಬೆಳವಣಿಗೆಗೆ ಉಳಿಯುತ್ತವೆ. ಕಡಿಮೆ ಯಂತ್ರದಲ್ಲಿ ಹೆಚ್ಚು ಡಿಸ್ಕ್ ತುರುಕುವುದಕ್ಕಿಂತ ಹೆಚ್ಚು ಯಂತ್ರದಲ್ಲಿ ಕಡಿಮೆ ಡಿಸ್ಕ್ ಇಡುವುದು ಚಿಕ್ಕ ಕ್ಲಸ್ಟರಿಗೆ ಯಾವತ್ತೂ ಒಳ್ಳೆಯದು. ಅಂದ ಹಾಗೆ, 20 ಟಿಬಿ ಡಿಸ್ಕ್ ಯಂತ್ರದ ಪರದೆಯಲ್ಲಿ 18.2 ಎಂದು ಕಾಣುತ್ತದೆ. ಎಣಿಸುವ ಪದ್ಧತಿ ಬೇರೆ, ಅಷ್ಟೇ, ಮಾರಿದವರನ್ನು ದೂರಬೇಕಿಲ್ಲ.

ಡಿಸ್ಕ್ ಕೆಟ್ಟ ದಿನ

ಹಾರ್ಡ್ ಡಿಸ್ಕ್‌ಗಳ ಕೆಡುವ ಪ್ರಮಾಣವನ್ನು ಬ್ಯಾಕ್‌ಬ್ಲೇಜ್ ಎಂಬ ಅಮೆರಿಕದ ಸಂಗ್ರಹ ಕಂಪನಿ ಹಲವು ವರ್ಷಗಳಿಂದ ಪ್ರಕಟಿಸುತ್ತಾ ಬಂದಿದೆ. ವರ್ಷಕ್ಕೆ ನೂರಕ್ಕೆ ಒಂದೂವರೆಯ ಆಸುಪಾಸು ಎಂದು ಹಿಡಿದರೆ ನಮ್ಮ 35 ಡಿಸ್ಕ್‌ಗಳಲ್ಲಿ ಎರಡು ವರ್ಷಕ್ಕೊಂದು ಹೋಗುತ್ತದೆ. ಬೆಂಗಳೂರಿನಲ್ಲಿ ಮಧ್ಯಾಹ್ನ ಫೋನ್ ಮಾಡಿದರೆ ಸಂಜೆ ಡಿಸ್ಕ್ ಬರುತ್ತದೆ. ಜುಲೈ ತಿಂಗಳ ಮಳೆಯಲ್ಲಿ ಆನವಟ್ಟಿಗೋ ಶಿರಾಳಕೊಪ್ಪಕ್ಕೋ ಬರಬೇಕಾದರೆ ಹಾಗಲ್ಲ. ಎರಡು ಡಿಸ್ಕ್, ಒಂದು ಪವರ್ ಸಪ್ಲೈ, ಒಂದಿಷ್ಟು ಕೇಬಲ್ಲುಗಳನ್ನು ಮೊದಲ ದಿನವೇ ಬೀರುವಿನಲ್ಲಿ ಇಟ್ಟುಕೊಳ್ಳಿ.

ಹೊಸ ಡಿಸ್ಕ್ ಹಾಕಿದ ಮೇಲಿನ ಸಮಯವೇ ಅಪಾಯದ ಸಮಯ. ಸೆಕೆಂಡಿಗೆ 200 ಎಂಬಿ ವೇಗದಲ್ಲಿ 20 ಟಿಬಿಯನ್ನು ತುಂಬಲು 28 ಗಂಟೆ ಬೇಕು, ಅದೂ ಬೇರೆ ಕೆಲಸ ಏನೂ ನಡೆಯದಿದ್ದರೆ. ಇಡೀ ಸರ್ವರ್ ಹೋದರೆ 64 ಟಿಬಿಯಷ್ಟು ತುಂಡುಗಳನ್ನು ಮತ್ತೆ ಕಟ್ಟಬೇಕು. ಒಂದು ತುಂಡಿಗೆ ನಾಲ್ಕು ತುಂಡು ಓದಬೇಕಾದ್ದರಿಂದ ಜಾಲದ ಮೇಲೆ 250 ಟಿಬಿಗೂ ಹೆಚ್ಚು ಓಡಾಡುತ್ತದೆ. ಸೆಕೆಂಡಿಗೆ 1 ಗಿಗಾಬಿಟ್‌ನ ಮಾಮೂಲಿ ಸ್ವಿಚ್ಚಿನಲ್ಲಿ ಇದಕ್ಕೆ ನಾಲ್ಕೂವರೆ ದಿನ. 10 ಗಿಗಾಬಿಟ್ ಜಾಲವಿದ್ದರೆ ಅಡಚಣೆ ಜಾಲದಿಂದ ಡಿಸ್ಕ್‌ಗೆ ಸರಿದು ಒಂದು ದಿನದೊಳಗೆ ಮುಗಿಯುತ್ತದೆ. ಸೇವೆಯೂ ನಡೆಯುತ್ತಿದ್ದರೆ ಎರಡು-ಮೂರು ದಿನ. ಆ ದಿನಗಳಲ್ಲಿ ಇನ್ನೊಂದು ಯಂತ್ರ ಕೆಟ್ಟರೂ ದತ್ತಾಂಶ ಉಳಿಯುತ್ತದೆ, ಮೂರನೆಯದು ಕೆಟ್ಟರೆ ಉಳಿಯುವುದಿಲ್ಲ. ಸ್ವಿಚ್ಚಿನಲ್ಲಿ ಹಣ ಉಳಿಸಲು ಹೋಗಬೇಡಿ. 10 ಗಿಗಾಬಿಟ್ ಕನಿಷ್ಠ, ಗೂಡುಗಳೆಲ್ಲ ತುಂಬುವ ದಿನ ಬಂದರೆ 25. ಎರಡು ಸ್ವಿಚ್ ಇರಲಿ.

ಡಿಸ್ಕ್ ಕೊಳ್ಳುವಾಗ ನೋಡಬೇಕಾದ್ದು ಮೂರು-ನಾಲ್ಕು. ಪಟ್ಟೆಗಳ ಮೇಲೆ ಪಟ್ಟೆ ಬರೆಯುವ ಎಸ್‌ಎಂಆರ್ ಡಿಸ್ಕ್ ಬೇಡ, ಮರುಜೋಡಣೆಯ ಹೊತ್ತಿಗೆ ಅದು ತೆವಳುತ್ತದೆ. ಸಿಎಂಆರ್ ಎಂದು ಟೆಂಡರಿನಲ್ಲೇ ಬರೆಯಿರಿ. ಎಲ್ಲ ಡಿಸ್ಕ್ ಒಂದೇ ತಯಾರಿಕೆಯ ಕಂತಿನವು ಆಗದಂತೆ ಕೇಳಿ, ಒಂದೇ ದೋಷ ಎಲ್ಲದರಲ್ಲೂ ಒಟ್ಟಿಗೆ ಎದ್ದೀತು. ರೈಡ್ ಕಾರ್ಡ್ ಬೇಡ. ಡಿಸ್ಕ್‌ಗಳನ್ನು ನೇರವಾಗಿ ತೋರಿಸುವ ಎಚ್‌ಬಿಎ ಕಾರ್ಡ್ ಸಾಕು, ರಕ್ಷಣೆಯ ಕೆಲಸ ತಂತ್ರಾಂಶದ್ದು. ಸೆಫ್ ಬಳಸಿದರೆ ಪ್ರತಿ ಸರ್ವರಿಗೆ 1.92 ಟಿಬಿಯ ಎರಡು ಎಸ್‌ಎಸ್‌ಡಿ ಬೇಕು, ಯಾವ ತುಂಡು ಎಲ್ಲಿದೆ ಎಂಬ ಮಾಹಿತಿ ಅವುಗಳ ಮೇಲಿರುತ್ತದೆ. ಕರೆಂಟು ಹೋದಾಗ ಬರೆಯುತ್ತಿದ್ದುದನ್ನು ಕಾಪಾಡುವ ಸರ್ವರ್ ದರ್ಜೆಯದೇ ಆಗಬೇಕು, ಲ್ಯಾಪ್‌ಟಾಪಿನದಲ್ಲ. ಅಂಥ ಒಂದು ಎಸ್‌ಎಸ್‌ಡಿ ಕೆಟ್ಟರೆ ಅದನ್ನು ನೆಚ್ಚಿದ ಡಿಸ್ಕ್‌ಗಳೂ ಒಟ್ಟಿಗೆ ಹೋಗುತ್ತವೆ ಎಂಬುದು ನೆನಪಿರಲಿ.

ಮೆಮೊರಿ ಸರ್ವರಿಗೆ 128 ಜಿಬಿ, ತಪ್ಪು ತಿದ್ದಿಕೊಳ್ಳುವ ಇಸಿಸಿ ಬಗೆಯದು. ಹಡೂಪ್ ಹಾದಿ ಹಿಡಿದವರು ಚಿಕ್ಕ ಕಡತಗಳ ಬಗ್ಗೆ ಎಚ್ಚರವಾಗಿರಬೇಕು. ಅಲ್ಲಿ ಬ್ಲಾಕಿನ ಗಾತ್ರ 128 ಎಂಬಿ. 1 ಎಂಬಿಯ ಕಡತ ಅಷ್ಟೂ ಜಾಗ ತಿನ್ನುವುದಿಲ್ಲ ನಿಜ, ಆದರೆ ಪ್ರತಿ ಕಡತ, ಪ್ರತಿ ಬ್ಲಾಕಿಗೂ ಕಡತಗಳ ಪಟ್ಟಿ ಇಟ್ಟುಕೊಳ್ಳುವ ನೇಮ್‌ನೋಡ್ ಎಂಬ ಯಂತ್ರದ ಮೆಮೊರಿಯಲ್ಲಿ ಸುಮಾರು 150 ಬೈಟ್ ಖರ್ಚು. ಕೋಟಿಗಟ್ಟಲೆ ಪುಟಗಳನ್ನು ಬಿಡಿಬಿಡಿಯಾಗಿ ಸುರಿಯದೆ ಗ್ರಾಮವಾರು ಕಟ್ಟು ಮಾಡಿ ಇಡಿ. ಹುಡುಕುವವರು ಕೇಳುವುದೂ ಹಾಗೆಯೇ: ಹೋಬಳಿ, ಗ್ರಾಮ, ಸರ್ವೆ ನಂಬರು.

ಪ್ರೊಸೆಸರಿನ ವಿಚಾರದಲ್ಲಿ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಒಂದು ಪುಟದ ಮುದ್ರಿತ ಕನ್ನಡವನ್ನು ಟೆಸೆರಾಕ್ಟ್‌ನಂಥ ತಂತ್ರಾಂಶ 5 ಸೆಕೆಂಡಿನಲ್ಲಿ ಓದುತ್ತದೆ ಎಂದುಕೊಳ್ಳಿ. ಕೋಟಿ ಪುಟಕ್ಕೆ ಒಂದೇ ಕೋರ್ ಆದರೆ 579 ದಿನ, ಏಳು ಸರ್ವರಿನ ತಲಾ 16 ಕೋರ್‌ಗಳೂ ಸೇರಿದರೆ ಐದು ದಿನ ಚಿಲ್ಲರೆ. ಕೈಬರಹಕ್ಕೆ ಈ ಲೆಕ್ಕ ಹೊಂದುವುದಿಲ್ಲ, ಅದನ್ನು ಇಂಥ ತಂತ್ರಾಂಶ ಸರಿಯಾಗಿ ಓದುವುದೂ ಇಲ್ಲ. ಕಲ್ಲುಗಳ ಮಾದರಿ ಕಟ್ಟುವ ಕೆಲಸಕ್ಕೆ ಮಾತ್ರ ಜಿಪಿಯು ಇರುವ ಒಂದು ಪ್ರತ್ಯೇಕ ಯಂತ್ರ ಬೇಕು. ಕಲ್ಲಿಗೆ 3 ಗಂಟೆಯಂತೆ 1,500 ಕಲ್ಲಿಗೆ 187 ದಿನ ಹಗಲೂ ರಾತ್ರಿ ಓಡಬೇಕಾಗುತ್ತದೆ. ಕ್ಷೇತ್ರಕಾರ್ಯವೂ ಅಷ್ಟೇ ನಿಧಾನವಾಗಿ ನಡೆಯುವುದರಿಂದ ಇದರಿಂದ ತೊಂದರೆಯಿಲ್ಲ.

ಕರೆಂಟು, ಮಳೆ, ಸಿಡಿಲು

ಏಳು ಸರ್ವರ್‌ಗೆ ತಲಾ 300 ವ್ಯಾಟ್, ಜಿಪಿಯು ಯಂತ್ರಕ್ಕೆ 700, ಸ್ವಿಚ್ಚುಗಳಿಗೆ 200: ಒಟ್ಟು 3 ಕಿಲೋವ್ಯಾಟ್. ತಂಪು ಮಾಡುವ ಖರ್ಚೂ ಸೇರಿ ನಾಲ್ಕೂವರೆ. ವರ್ಷಕ್ಕೆ 39,420 ಯೂನಿಟ್. ಯೂನಿಟ್‌ಗೆ 8 ರೂಪಾಯಿ ಹಿಡಿದರೂ 3.15 ಲಕ್ಷ ರೂಪಾಯಿ, ಪ್ರತಿ ವರ್ಷ. ಯಂತ್ರಕ್ಕೆ ಅನುದಾನ ತರುವವರು ಈ ಬಿಲ್ಲು ಯಾರು ಕಟ್ಟುತ್ತಾರೆಂದು ಮೊದಲು ತೀರ್ಮಾನಿಸಬೇಕು. ಅನುದಾನ ಒಮ್ಮೆ ಬರುತ್ತದೆ, ಮೆಸ್ಕಾಂ ಬಿಲ್ಲು ತಿಂಗಳಿಗೊಮ್ಮೆ.

ಯುಪಿಎಸ್ ಯಂತ್ರಗಳನ್ನು ಹಿಡಿದಿಡುತ್ತದೆ, ಏಸಿಯನ್ನಲ್ಲ. ಮುಚ್ಚಿದ ಕೋಣೆಯಲ್ಲಿ 3 ಕಿಲೋವ್ಯಾಟ್ ಶಾಖ ಎಂದರೆ ಮೂರು ರೂಮ್ ಹೀಟರ್ ಒಟ್ಟಿಗೆ ಉರಿದ ಹಾಗೆ. ಆದ್ದರಿಂದ ಯುಪಿಎಸ್‌ನ ಬ್ಯಾಟರಿ ಎಷ್ಟೇ ದೊಡ್ಡದಿರಲಿ, ಜನರೇಟರ್ ಕೆಲವೇ ನಿಮಿಷದಲ್ಲಿ ಹತ್ತಿ ಏಸಿಯೂ ಓಡಬೇಕು. ಇಲ್ಲದಿದ್ದರೆ ಉಷ್ಣತೆ ಏರಿದೊಡನೆ ಯಂತ್ರಗಳು ಕ್ರಮವಾಗಿ ತಾವೇ ಆಫ್ ಆಗುವ ಏರ್ಪಾಡಿರಬೇಕು. ಒಂದೂವರೆ ಟನ್ನಿನ ಎರಡು ಏಸಿ ಹಾಕಿ ಸರದಿಯಲ್ಲಿ ಓಡಿಸಿ. ಒಂದು ಕೆಟ್ಟರೂ ಇನ್ನೊಂದು ಸಾಕಾಗುತ್ತದೆ. ಕೋಣೆಯ ಉಷ್ಣತೆ 18ರಿಂದ 27 ಡಿಗ್ರಿಯೊಳಗಿರಲಿ.

ಸೊರಬದ ಕಡೆ ಮಳೆಗಾಲದ ತೇವ ಗೋಡೆಯೊಳಗೂ ಇಳಿಯುತ್ತದೆ. ಹೆಂಚಿನ ಮಾಡಿನ ಕೆಳಗೆ, ಹೊರಗೋಡೆಗೆ ತಾಗಿ, ನೀರಿನ ತೊಟ್ಟಿಯ ಅಡಿಯಲ್ಲಿ ಯಂತ್ರದ ಕೋಣೆ ಮಾಡಬೇಡಿ. ನೆಲಮಹಡಿಯಾದರೆ ರ‍್ಯಾಕನ್ನು ಕಟ್ಟೆಯ ಮೇಲೆ ನಿಲ್ಲಿಸಿ. ಸಿಡಿಲಿಗೆ ಒಳ್ಳೆಯ ಅರ್ಥಿಂಗ್ ಮತ್ತು ಸರ್ಜ್ ರಕ್ಷಣೆ ಎರಡೂ ಬೇಕು. ಅರ್ಥಿಂಗ್ ಗುಂಡಿಯನ್ನು ಮುಂಗಾರಿಗೆ ಮುಂಚೆ ಪ್ರತಿ ವರ್ಷ ಅಳೆಸಿ. ಒಂದು ಕಟ್ಟಡದಿಂದ ಇನ್ನೊಂದಕ್ಕೆ ತಾಮ್ರದ ನೆಟ್‌ವರ್ಕ್ ತಂತಿ ಎಳೆಯಬೇಡಿ, ಫೈಬರ್ ಎಳೆಯಿರಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿದು ಬರುವುದಿಲ್ಲ. ಇಲಿ ಕಡಿಯದ ಹಾಗೆ ಲೋಹದ ಕವಚವಿರುವ ಫೈಬರ್ ಸಿಗುತ್ತದೆ. ಅಂಥದ್ದಾದರೆ ಆ ಕವಚವನ್ನು ಅದು ಕಟ್ಟಡದೊಳಕ್ಕೆ ಬರುವ ಜಾಗದಲ್ಲೇ ಅರ್ಥ್ ಮಾಡಬೇಕು.

ಕ್ಲಸ್ಟರ್ ಎಲ್ಲಿರಬೇಕು?

ಈ ಏಳು ಯಂತ್ರಗಳು ತಾಲ್ಲೂಕು ಕೇಂದ್ರದಲ್ಲಿ ಇರಲೇಬೇಕೇ? ನನಗೆ ಹಾಗನ್ನಿಸುವುದಿಲ್ಲ. ಎರಡು ಕಡೆಯಿಂದ ಕರೆಂಟು, ಎರಡು ಕಂಪನಿಯ ಫೈಬರ್, ರಾತ್ರಿ ಹೊತ್ತು ನೋಡಿಕೊಳ್ಳುವ ಒಬ್ಬರು, ಇಷ್ಟು ಸಿಗುವ ಜಾಗ ಶಿವಮೊಗ್ಗವೋ ಬೆಂಗಳೂರೋ ಆದರೆ ಅಲ್ಲೇ ಇರಲಿ. ಸರ್ಕಾರಿ ದಾಖಲೆಯ ದಾರಿಯೂ ಅದೇ: ತಾಲ್ಲೂಕು ಕಚೇರಿಗಳು ಸರ್ಕಾರದ್ದೇ ಆದ ಕೆಸ್ವಾನ್ ಜಾಲದ ಮೂಲಕ ರಾಜ್ಯ ದತ್ತಾಂಶ ಕೇಂದ್ರಕ್ಕೆ ಸೇರುತ್ತವೆ. 2000ದಲ್ಲಿ ಭೂ ದಾಖಲೆಗಳ ‘ಭೂಮಿ’ ಯೋಜನೆ ಬಂದಾಗ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು. ಅವು ಅಕ್ಷರ, ಅಂಕಿಗಳ ಪುಟ್ಟ ದಾಖಲೆಗಳು, ತಂತಿಯ ಮೇಲೆ ಹಗುರವಾಗಿ ಹೋಗುತ್ತವೆ. ಚಿತ್ರಗಳು ಹಾಗಲ್ಲ. 142 ಟಿಬಿಯನ್ನು 100 ಎಂಬಿಪಿಎಸ್ ಸಂಪರ್ಕದಲ್ಲಿ ಕಳಿಸಲು ನಾಲ್ಕು ತಿಂಗಳ ಮೇಲೆ ಬೇಕು, ಅದೂ ಸಂಪರ್ಕ ಒಂದು ಕ್ಷಣವೂ ಕಡಿಯದಿದ್ದರೆ.

ಹೀಗಾಗಿ ಶಿಕಾರಿಪುರ, ಸೊರಬ ಎರಡೂ ಕಡೆ ತಲಾ ಒಂದು ಚಿಕ್ಕ ಸರ್ವರ್ ಇಡಿ. ಕ್ಷೇತ್ರದಿಂದ ಬಂದ ಚಿತ್ರ, ಸ್ಕ್ಯಾನ್ ಆದ ಪುಟ ಅಲ್ಲಿಗೆ ಇಳಿಯಲಿ, ಇಳಿದ ತಕ್ಷಣ ಪ್ರತಿ ಕಡತಕ್ಕೂ ಬೆರಳಚ್ಚಿನಂಥ ಎಸ್‌ಎಚ್‌ಎ-256 ಮುದ್ರೆ ಬೀಳಲಿ. ಹಗುರ ಪ್ರತಿಗಳು ತಂತಿಯ ಮೇಲೆ ಹೋಗಲಿ. ಮೂಲ ಪ್ರತಿಗಳು ಎನ್‌ಕ್ರಿಪ್ಟ್ ಮಾಡಿದ ಡಿಸ್ಕ್‌ನಲ್ಲಿ, ಸ್ಪಂಜಿನ ಪೆಟ್ಟಿಗೆಯೊಳಗೆ, ಜವಾಬ್ದಾರಿಯ ಒಬ್ಬರ ಕೈಯಲ್ಲಿ ಬಸ್ಸಿನಲ್ಲಿ ಹೋಗಲಿ. ಅತ್ತ ಮುದ್ರೆ ಹೊಂದಿತೆಂಬ ಉತ್ತರ ಬರುವವರೆಗೆ ಇತ್ತ ಯಾವುದನ್ನೂ ಅಳಿಸಬಾರದು.

ಏಳು ಯಂತ್ರಗಳ ರಕ್ಷಣೆಯನ್ನು ಬ್ಯಾಕಪ್ ಎಂದು ತಿಳಿಯಬೇಡಿ. ಯಾರೋ ಕೈತಪ್ಪಿ ಅಳಿಸಿದ ಕಡತ ಏಳರಲ್ಲೂ ಅಳಿಯುತ್ತದೆ, ರ‍್ಯಾನ್ಸಮ್‌ವೇರ್ ಬಂದರೆ ಏಳಕ್ಕೂ ಬೀಗ ಬೀಳುತ್ತದೆ. ಮೂಲ ಪ್ರತಿಗಳ ಇನ್ನೊಂದು ನಕಲು ಜಾಲಕ್ಕೆ ಅಂಟದೆ ಬೇರೆ ಊರಿನಲ್ಲಿರಬೇಕು. ಒಂದೊಂದರಲ್ಲಿ 18 ಟಿಬಿ ಹಿಡಿಯುವ ಎಲ್‌ಟಿಒ-9 ಟೇಪುಗಳು ಎಂಟಾದರೆ ಇವತ್ತಿನ ಸಂಗ್ರಹ ಮುಗಿಯುತ್ತದೆ. ಟೇಪ್ ಡ್ರೈವ್ ದುಬಾರಿ ಎನ್ನಿಸಿದರೆ ಬಿಡಿ ಡಿಸ್ಕ್‌ಗಳಾದರೂ ಸರಿ.

ಖರೀದಿಯಲ್ಲಿ, ಸರ್ಕಾರಿ ಸಂಸ್ಥೆಯಾದರೆ 1999ರ ಕೆಟಿಪಿಪಿ ಕಾಯ್ದೆಯಂತೆ ಟೆಂಡರ್ ಕರೆಯುವಾಗ, ಬ್ರ್ಯಾಂಡಿನ ಹೆಸರಿನ ಬದಲು ಮೇಲಿನ ಲೆಕ್ಕವನ್ನೇ ಬರೆಯಿರಿ: ಬಳಸಬಹುದಾದ ಜಾಗ ಎಷ್ಟು, ಒಂದು ಸರ್ವರ್ ಹೋದರೆ ಎಷ್ಟು ಗಂಟೆಯಲ್ಲಿ ಸರಿಹೋಗಬೇಕು. ವಾರಂಟಿ ಐದು ವರ್ಷದ್ದಿರಲಿ, ರಿಪೇರಿಗೆ ಅವರೇ ಸ್ಥಳಕ್ಕೆ ಬರಬೇಕೆಂದಿರಲಿ, ಕೆಟ್ಟ ಡಿಸ್ಕ್ ನಿಮ್ಮಲ್ಲೇ ಉಳಿಯಬೇಕೆಂಬ ಷರತ್ತೂ ಇರಲಿ. ಜನರ ಜಮೀನಿನ ಕಾಗದ ಅದರೊಳಗಿರುತ್ತದೆ.

ಕೊನೆಯ ಕಂತಿನ ಹಣ ಕೊಡುವ ಮೊದಲು ಸರಬರಾಜುದಾರರ ಎದುರಿಗೇ ಪರೀಕ್ಷೆ ಆಗಬೇಕು. ಅರ್ಧದಷ್ಟಾದರೂ ದತ್ತಾಂಶ ತುಂಬಿ, ಓಡುತ್ತಿರುವಾಗಲೇ ಒಂದು ಡಿಸ್ಕ್ ಎಳೆಯಿರಿ. ಅದು ಸುಧಾರಿಸಿದ ಮೇಲೆ ಒಂದು ಸರ್ವರಿನ ಎರಡೂ ಕರೆಂಟು ತಂತಿ ಕೀಳಿ, ಮರುಜೋಡಣೆಗೆ ಹಿಡಿದ ಗಂಟೆ ಬರೆದುಕೊಳ್ಳಿ. ಆಮೇಲೆ ಒಂದು ಸ್ವಿಚ್ ಆಫ್ ಮಾಡಿ. ಕೊನೆಗೆ ತಾಳಗುಂದ ಸ್ತಂಭದ ಚಿತ್ರಗಳಷ್ಟನ್ನೂ ಅಳಿಸಿ, ಬೇರೆ ಊರಿನ ನಕಲಿನಿಂದ ವಾಪಸ್ ತರಿಸಿ, ಒಂದೊಂದು ಕಡತದ ಮುದ್ರೆಯನ್ನೂ ಮೊದಲಿನದರ ಜೊತೆ ಹೋಲಿಸಿ. ಒಂದು ಹೊಂದದಿದ್ದರೂ ಸಹಿ ಹಾಕಬೇಡಿ.